ಬಂದು ಹೋಗುವ ಕಹಿ

ಕಹಿಯ ವಿಷಯದಲ್ಲಿ ನಮ್ಮ ಹೆಂಗಸರಿಗಿರುವಷ್ಟು ಅನುಭವ ಬೇರೆ ಯಾರಿಗೂ ಇರಲಾರದು. ಇದನ್ನು ಸಂಸಾರದ ಅರ್ಥದಲ್ಲಿ ಹೇಳುತ್ತಿಲ್ಲ, ಅಡುಗೆಮನೆಯ ಅರ್ಥದಲ್ಲಿ ಹೇಳುತ್ತಿದ್ದೇನೆ. ಹಾಗಲಕಾಯಿಗೆ ಉಪ್ಪು ಸವರಿ ಎಷ್ಟು ಹೊತ್ತು ಬಿಟ್ಟು ಹಿಂಡಬೇಕು, ಹುಳಿಪುಡಿಗೆ ಮೆಂತ್ಯ ಹುರಿಯುವಾಗ ಯಾವ ಬಣ್ಣಕ್ಕೆ ಬಂದ ಕೂಡಲೇ ಬಾಣಲೆ ಇಳಿಸಬೇಕು, ಯುಗಾದಿಯ ದಿನ ಬೇವಿನ ಹೂವು ಎಷ್ಟು, ಬೆಲ್ಲ ಎಷ್ಟು, ಇವನ್ನೆಲ್ಲ ನಮಗೆ ಯಾರೂ ಬರೆದುಕೊಡಲಿಲ್ಲ. ಅಮ್ಮನ ಪಕ್ಕದಲ್ಲಿ ನಿಂತು ಕಲಿತೆವು. ಆದರೆ ಈ ವಿದ್ಯೆ ಅರವತ್ತು ದಾಟಿದ ಮೇಲೆ ಮಗಳ ಮನೆಯ ಬಿಯರಿನ ಪಾತ್ರೆಯ ಮುಂದೆ ಉಪಯೋಗಕ್ಕೆ ಬರುತ್ತದೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ.

ಬಿಯರು ಎಂದೊಡನೆ ಪುಟ ಮಗುಚಬೇಡಿ. ನಾನು ಒಂದು ತೊಟ್ಟೂ ಕುಡಿದವಳಲ್ಲ, ಮುಂದೆ ಕುಡಿಯುವವಳೂ ಅಲ್ಲ. ಅದಕ್ಕೆ ಕಾರಣ ಹೇಳಿಯೇ ಮುಂದಕ್ಕೆ ಹೋಗಬೇಕು.

ನಾನು ಹುಟ್ಟಿದ್ದು ಶ್ರೀನಿವಾಸಪುರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ನಮಗೆ ಮಾವಿನ ತೋಪಿತ್ತು. ಫಸಲಿನ ದುಡ್ಡು ಕೈಗೆ ಬಂದ ದಿನ ಅಪ್ಪ ಮನೆಗೆ ಬರುವ ಮೊದಲು ಸಾರಾಯಿ ಅಂಗಡಿಗೆ ಹೋಗುತ್ತಿದ್ದರು. ನಾನು ಎಂಟನೆಯ ತರಗತಿಗೆ ಬರುವ ಹೊತ್ತಿಗೆ ತೋಪು ಅರ್ಧವಾಗಿತ್ತು, ಹೈಸ್ಕೂಲು ಮುಗಿಸುವ ಹೊತ್ತಿಗೆ ಇರಲೇ ಇಲ್ಲ. ರಾತ್ರಿ ಚಾಪೆಯ ಮೇಲೆ ಮಲಗಿ, ಬೀದಿಯಲ್ಲಿ ಬರುವ ಹೆಜ್ಜೆಯ ಸದ್ದಿನಿಂದಲೇ ಇವತ್ತು ಎಷ್ಟು ಕುಡಿದಿದ್ದಾರೆಂದು ಲೆಕ್ಕ ಹಾಕುವುದನ್ನು ನಾನು ಮಗ್ಗಿಗಿಂತ ಮೊದಲೇ ಕಲಿತೆ. ಮುಂದೆ ಮೇಷ್ಟರ ಕೆಲಸ ಸಿಕ್ಕಿ ಮಾಲೂರಿನಲ್ಲೂ ಮುಳಬಾಗಿಲಿನಲ್ಲೂ ಪಾಠ ಹೇಳಿದೆ. 1992ರಲ್ಲಿ ನೆಲ್ಲೂರು ಜಿಲ್ಲೆಯ ದೂಬಗುಂಟದ ಹೆಂಗಸರು ಸಾರಾಯಿ ಅಂಗಡಿಯ ವಿರುದ್ಧ ಎದ್ದ ಸುದ್ದಿ ಗಡಿ ದಾಟಿ ತೆಲುಗಿನಲ್ಲೇ ಮುಳಬಾಗಿಲಿಗೆ ಬಂದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ. ನಮ್ಮ ರಾಜ್ಯದಲ್ಲಿ ಸಾರಾಯಿ ನಿಂತದ್ದು 2007ರ ಜುಲೈನಲ್ಲಿ. ಅದನ್ನು ನೋಡಲು ಅಮ್ಮ ಇರಲಿಲ್ಲ.

ಇಂಥವಳ ಮಗಳು ಅಮೆರಿಕದ ಸಿಯಾಟಲ್ ಹತ್ತಿರದ ಊರಿನಲ್ಲಿ, ಕಾರು ನಿಲ್ಲಿಸುವ ಕೋಣೆಯಲ್ಲಿ, ಗಂಡನ ಜೊತೆ ಸೇರಿ ಬಿಯರು ಕಾಯಿಸುತ್ತಾಳೆ! ಎರಡು ವರ್ಷ ನನಗೆ ಹೇಳಿರಲಿಲ್ಲ. ಬಾಣಂತನಕ್ಕೆಂದು ಹೋದವಳು ಮರುವರ್ಷ ಮತ್ತೆ ಹೋದಾಗ, ಆ ಕೋಣೆಯ ಮೂಲೆಯಲ್ಲಿ ನಮ್ಮ ಮದುವೆ ಮನೆಯ ಸಾರಿನ ಪಾತ್ರೆಯಷ್ಟು ದೊಡ್ಡ ಸ್ಟೀಲು ಪಾತ್ರೆ ನೋಡಿ, "ಇದೇನೇ, ಯಾರಿಗೆ ಅಡುಗೆ ಮಾಡೋಕೆ?" ಎಂದೆ. ಸುಳ್ಳು ಹೇಳುವ ಅಭ್ಯಾಸ ಅವಳಿಗಿಲ್ಲ. ಹೇಳಿಬಿಟ್ಟಳು. ನಾನು ಮೂರು ದಿನ ಅವಳ ಜೊತೆ ಮಾತಾಡಲಿಲ್ಲ.

ನಾಲ್ಕನೆಯ ದಿನ ಅವಳೇ ಬಂದು ಕೂತಳು. "ಅಮ್ಮ, ತಾತನ ವಿಷಯ ನನಗೆ ಗೊತ್ತಿಲ್ಲ ಅಂದುಕೊಂಡಿದ್ದೀಯಾ? ಗೊತ್ತಿರೋದಕ್ಕೇ ನಿನಗೆ ಹೇಳಲಿಲ್ಲ. ನಾವು ಶನಿವಾರ ಒಂದೊಂದು ಗ್ಲಾಸು ಕುಡೀತೀವಿ, ಅಷ್ಟೇ. ನಿನ್ನ ಕುಡಿ ಅನ್ನಲ್ಲ. ಆದರೆ ಒಂದು ಸಹಾಯ ಬೇಕು. ಕಹಿ ಸರಿ ಬರ್ತಾ ಇಲ್ಲ. ನಿನ್ನ ನಾಲಗೆ ಬೇಕು."

"ನನ್ನ ನಾಲಗೆಗೆ ಹೆಂಡ ಮುಟ್ಟಿಸಲ್ಲ" ಎಂದೆ.

"ಹೆಂಡ ಆಗೋಕೆ ಮುಂಚೆ ನೋಡಮ್ಮ. ಈಸ್ಟ್ ಹಾಕೋ ತನಕ ಅದು ಬರೀ ಮೊಳಕೆ ಕಾಳಿನ ಕಷಾಯ."

ಹೌದಲ್ಲ! ಅವಳು ಹೇಳಿದ್ದು ನಿಜ. ಪಾತ್ರೆಯ ಕೆಲಸ ನೋಡುತ್ತ ಕೂತ ಮೇಲೆ ನನಗೆ ಅರ್ಥವಾದದ್ದು, ಇದರ ಅರ್ಧ ಕೆಲಸ ಕೋಲಾರದ ಪ್ರತಿಯೊಬ್ಬ ತಾಯಿಗೂ ಬರುತ್ತದೆ ಎಂದು. ಮಗುವಿನ ಸರಿಗೆ ನಾವು ರಾಗಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ನೆರಳಲ್ಲಿ ಒಣಗಿಸಿ, ಮೊಳಕೆ ಉಜ್ಜಿ ತೆಗೆದು, ಹದವಾಗಿ ಹುರಿದು ಬೀಸುತ್ತೇವೆ. ಅವರು ಬಾರ್ಲಿಗೆ ಅದನ್ನೇ ಮಾಡಿ ಮಾಲ್ಟ್ ಎನ್ನುತ್ತಾರೆ. ಮಾಲ್ಟಿನ ನುಚ್ಚನ್ನು ಸುಮಾರು 66 ಡಿಗ್ರಿ ಬಿಸಿಯ ನೀರಿನಲ್ಲಿ ಒಂದು ಗಂಟೆ ನೆನೆಸಿಟ್ಟರೆ ಹಿಟ್ಟಿನ ಅಂಶ ಸಕ್ಕರೆಯಾಗುತ್ತದೆ. ಬಸಿದುಕೊಂಡರೆ ಸಿಹಿ ರಸ. ಆ ರಸಕ್ಕೆ ಕಹಿ ಹಾಕಿ ಒಂದು ಗಂಟೆ ಕುದಿಸಿ, ಆರಿಸಿ, ಈಸ್ಟ್ ಹಾಕಿ ಎರಡು ಮೂರು ವಾರ ಬಿಟ್ಟರೆ ಏಲ್ ಎಂಬ ಜಾತಿಯ ಬಿಯರು. ಹಿಂದೆ ಇಂಗ್ಲೆಂಡಿನಲ್ಲಿ ಈ ಕೆಲಸ ಹೆಚ್ಚಾಗಿ ಹೆಂಗಸರದೇ ಆಗಿತ್ತಂತೆ. ಮನೆಗೆ ಮಾಡಿಕೊಂಡು ಉಳಿದದ್ದನ್ನು ಮಾರುತ್ತಿದ್ದರು. ಆಗಿನ ಏಲಿಗೆ ಈ ಕಹಿ ಇರಲಿಲ್ಲ. ಹದಿನೈದನೆಯ ಶತಮಾನದಲ್ಲಿ ಸಮುದ್ರದಾಚೆಯಿಂದ ಕಹಿಯ ಬಿಯರು ಬಂತು, ಬಹಳ ದಿನ ಕೆಡದೆ ಉಳಿಯತೊಡಗಿತು, ದೊಡ್ಡ ವ್ಯಾಪಾರವಾಯಿತು. ವ್ಯಾಪಾರ ದೊಡ್ಡದಾದಂತೆ ಹೆಂಗಸರ ಕೈ ತಪ್ಪಿತು. ಇದು ಎಲ್ಲ ಕಡೆಯ ಕತೆ ಎನ್ನಿ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಅಮೆರಿಕದಲ್ಲಿ 1978ರ ಕಾನೂನಿನಿಂದ ಮನೆಬಳಕೆಗೆ ಬಿಯರು ಮಾಡಿಕೊಳ್ಳಲು ಅವಕಾಶವಿದೆ. ನಮ್ಮಲ್ಲಿ 1965ರ ಅಬಕಾರಿ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಮಾಡುವುದು ಅಪರಾಧ. ಇದನ್ನು ಓದಿ ಯಾರೂ ಕೋಲಾರದಲ್ಲಿ ಪಾತ್ರೆ ಒಲೆಗೇರಿಸಬೇಡಿ.

ಇನ್ನು ಆ ಕಹಿಯ ವಿಷಯ. ಅದರ ಹೆಸರು ಹಾಪ್. ಹಂಬಿನ ಗಿಡ. ದಾರಕ್ಕೆ ಹಬ್ಬಿ ತೆಂಗಿನ ಸಸಿಗಿಂತ ಎತ್ತರ ಹೋಗುತ್ತದೆ. ಬೇಸಿಗೆಯಲ್ಲಿ ಹಗಲು ಬಹಳ ಉದ್ದವಿರುವ ಸೀಮೆ ಬೇಕು. ಮಗಳ ಊರಿನಿಂದ ಬೆಟ್ಟ ದಾಟಿದರೆ ಸಿಗುವ ಯಾಕಿಮಾ ಕಣಿವೆ ಅದಕ್ಕೆ ಪ್ರಸಿದ್ಧ. ಗಂಡು ಗಿಡ, ಹೆಣ್ಣು ಗಿಡ ಬೇರೆ ಬೇರೆ. ಬೇಕಾದದ್ದು ಹೆಣ್ಣು ಹೂವು ಮಾತ್ರ. ಅದರ ಎಸಳಿನ ಬುಡದಲ್ಲಿ ಅರಿಶಿನದಂಥ ಹಳದಿ ಪುಡಿ, ಅದರಲ್ಲಿ ಆಲ್ಫಾ ಆಮ್ಲ ಎಂಬ ಕಹಿಯ ಮೂಲ. ಹಸಿಯಾಗಿ ಅದು ನೀರಿಗೆ ಸರಿಯಾಗಿ ಬಿಟ್ಟುಕೊಡುವುದಿಲ್ಲ. ಚೆನ್ನಾಗಿ ಕುದಿಸಿದರೆ ರೂಪ ಬದಲಾಗಿ ಕರಗುತ್ತದೆ. ಆ ಒಂದು ಗಂಟೆಯ ಕುದಿಯಲ್ಲಿ ಹೂವಿನ ಪರಿಮಳ ಬಹಳಮಟ್ಟಿಗೆ ಹಾರಿಹೋಗುತ್ತದೆ. ಪರಿಮಳ ಬೇಕೆಂದರೆ ಕೊನೆಯಲ್ಲಿ ಬೇರೆ ಹಾಪ್ ಹಾಕಬೇಕು, ನಾವು ಸಾರಿಗೆ ಕೊತ್ತಂಬರಿ ಸೊಪ್ಪು ಹಾಕುವ ಹಾಗೆ. ಅಂದರೆ ಮೊದಲು ಹಾಕುವ ಹಾಪಿಗೆ ಇರುವುದು ಒಂದೇ ಕೆಲಸ. ಸಿಹಿ ಮುಖಕ್ಕೆ ಹೊಡೆಯದಂತೆ ಹಿಡಿದು ನಿಲ್ಲಿಸುವುದು. ಅಂಗಡಿಯಲ್ಲಿ ಸಿಗುವುದು ಒಣಗಿಸಿ ಪುಡಿ ಮಾಡಿ ಒತ್ತಿದ ಹಸಿರು ಗುಳಿಗೆ. ನೋಡಲು ನಮ್ಮ ಹಾಲಿನ ಡೇರಿಯವರು ಕೊಡುವ ಪಶು ಆಹಾರದ ಹಾಗೇ ಇರುತ್ತದೆ.

ಮಗಳ ತೊಂದರೆ ಏನೆಂದರೆ, ಅವಳ ಏಲಿನ ಕಹಿ ನುಂಗಿದ ಮೇಲೂ ಗಂಟಲಲ್ಲಿ ಕೂತುಬಿಡುತ್ತಿತ್ತಂತೆ. ಎಲ್ಲರೂ "ಕ್ಲೀನ್ ಕಹಿಯ ಹಾಪ್ ತಗೋ" ಎನ್ನುತ್ತಾರೆ. ಯಾವುದು ಕ್ಲೀನ್ ಎಂದರೆ ಒಬ್ಬೊಬ್ಬರು ಒಂದೊಂದು ಹೆಸರು. ಪ್ಯಾಕೆಟ್ಟಿನ ಹಿಂದೆ ನೋಡಿದರೆ ಮೃದು, ನಯ, ಸುಖಕರ ಎಂಬ ಮಾತುಗಳು. ಇವು ಸೀರೆ ಅಂಗಡಿಯವನ ಮಾತು, ಅಡುಗೆಯವಳ ಮಾತಲ್ಲ. ಕಹಿಯನ್ನು ಕಹಿ ಎಂದಷ್ಟೇ ಕರೆದು ಕೈತೊಳೆದುಕೊಂಡರೆ ಅದರ ದೋಷ ಕಾಣುವುದಿಲ್ಲ. ನಮ್ಮಲ್ಲಿ ಬೇರೆ ಬೇರೆ ಮಾತುಗಳಿವೆ. ಎಳೆ ಬಾಳೆಕಾಯಿಯ ಹಾಗೆ ನಾಲಗೆ ಹಿಡಿದರೆ ಒಗರು. ಮೆಂತ್ಯ ಸೀದರೆ ಬರುವುದು ಸೀಕಲು ಕಹಿ. ಹಳೆಯ ಕೊಬ್ಬರಿಯದು ಕಮಟು. ಮೂಗಿಗೆ ಏರಿದರೆ ಘಾಟು. ಇವು ಯಾವುವೂ ಕಹಿಯಲ್ಲ, ಕಹಿಯ ಜೊತೆ ಕರೆಯದೆ ಬಂದ ನೆಂಟರು. ಈ ನೆಂಟರಿಲ್ಲದೆ ಒಂಟಿಯಾಗಿ ಬಂದು, ಕೆಲಸ ಮುಗಿಸಿ, ಹೊರಟುಹೋಗುವ ಕಹಿಯೇ ಶುದ್ಧ ಕಹಿ. ಚೆನ್ನಾಗಿ ಹಿಂಡಿದ ಹಾಗಲಕಾಯಿಯ ಗೊಜ್ಜು ತಿಂದು ಒಂದು ತುತ್ತು ಮೊಸರನ್ನ ತಿನ್ನಿ, ಕಹಿ ಎಲ್ಲಿತ್ತು ಎಂದು ಹುಡುಕಬೇಕು. ಅದು ನನ್ನ ಅಳತೆಗೋಲು.

ಮಗಳು ನಾಲ್ಕು ಹಾಪ್ ತಂದಳು. ಒಂದು ಮ್ಯಾಗ್ನಮ್, ಜರ್ಮನಿಯ ಹ್ಯೂಲ್ ಎಂಬ ಊರಿನ ಸಂಶೋಧನಾ ಕೇಂದ್ರದ ತಳಿ, ಆಲ್ಫಾ ನೂರಕ್ಕೆ 13ರ ಆಸುಪಾಸು. ಎರಡನೆಯದು ನಾರ್ದರ್ನ್ ಬ್ರೂವರ್, 1934ರಲ್ಲಿ ಇಂಗ್ಲೆಂಡಿನ ವೈ ಕಾಲೇಜಿನಲ್ಲಿ ಬೆಳೆಸಿದ ಹಳೆಯ ತಳಿ, ಆಲ್ಫಾ 9ರಷ್ಟು. ಮೂರನೆಯದು ಚಿನೂಕ್, 1985ರಲ್ಲಿ ಅಮೆರಿಕದಲ್ಲಿ ಬಿಡುಗಡೆಯಾದದ್ದು. ನಾಲ್ಕನೆಯದು ಕೊಲಂಬಸ್, ಆಲ್ಫಾ 15. ಎಲ್ಲದರ ಕಹಿಯೂ ಸಮವಾಗಿರಬೇಕಲ್ಲ, ಅದಕ್ಕೊಂದು ಲೆಕ್ಕ ಇದೆ. ಲೀಟರಿಗೆ 30 ಮಿಲಿಗ್ರಾಂ ಕರಗಿದ ಕಹಿ ಬೇಕೆನ್ನಿ. ಹಾಕಿದ ಆಲ್ಫಾದಲ್ಲಿ ಒಂದು ಗಂಟೆ ಕುದಿಸಿದರೂ ಕಾಲು ಭಾಗದಷ್ಟೇ ಕರಗುವುದು. ಆದ್ದರಿಂದ ಎರಡು ಲೀಟರು ರಸಕ್ಕೆ 240 ಮಿಲಿಗ್ರಾಂ ಆಲ್ಫಾ ಬೇಕು. ಮ್ಯಾಗ್ನಮ್ ಆದರೆ 1.8 ಗ್ರಾಂ, ನಾರ್ದರ್ನ್ ಬ್ರೂವರ್ ಆದರೆ 2.7 ಗ್ರಾಂ, ಕೊಲಂಬಸ್ ಆದರೆ 1.6 ಗ್ರಾಂ. ಚಿನ್ನ ತೂಗುವಂಥ ಪುಟ್ಟ ತಕ್ಕಡಿಯಲ್ಲಿ ಅಳಿಯಂದಿರು ತೂಗಿಕೊಟ್ಟರು. ಮಗಳು ಮೊದಲು ಹಾಪನ್ನು ಕಣ್ಣಂದಾಜಿನಲ್ಲಿ ಹಾಕುತ್ತಿದ್ದಳಂತೆ! ಹುಳಿಪುಡಿಯನ್ನು ಕಣ್ಣಂದಾಜಿನಲ್ಲಿ ಮಾಡಲು ನನಗೆ ಇಪ್ಪತ್ತು ವರ್ಷ ಹಿಡಿಯಿತು ಎಂದು ಹೇಳಿದೆ.

ನಾಲ್ಕು ಪಾತ್ರೆಯಲ್ಲಿ ನಾಲ್ಕು ಕಷಾಯ. ಆರಿದ ಮೇಲೆ ಒಂದೊಂದು ಚಮಚ ಬಾಯಿಗೆ ಹಾಕಿಕೊಂಡೆ. ನನ್ನ ಮೊದಲ ತೀರ್ಪು ಹೀಗಿತ್ತು. ಮ್ಯಾಗ್ನಮ್ ಬಂತು, ಹೋಯಿತು. ನಾರ್ದರ್ನ್ ಬ್ರೂವರಿನಲ್ಲಿ ಸೌದೆಯ ವಾಸನೆ, ದೂರದಲ್ಲಿ ಪುದೀನ. ಚಿನೂಕ್ ರಾಳದ ಘಾಟು, ಗಂಟಲಲ್ಲಿ ಅಂಟು. ಕೊಲಂಬಸ್ಸಿನಲ್ಲಿ ಈರುಳ್ಳಿಯ ನೆನಪು, ಜೊತೆಗೆ ತೀರದ ಕಹಿ. ಅಳಿಯಂದಿರು ಕೂಡಲೇ, "ಪುಸ್ತಕದಲ್ಲೂ ಹಾಗೇ ಇದೆ ಅತ್ತೆ" ಎಂದರು. ಆಲ್ಫಾ ಆಮ್ಲದಲ್ಲಿ ಕೊಹ್ಯೂಮುಲೋನ್ ಎಂಬ ಒಂದು ಪಾಲು ಇರುತ್ತದಂತೆ. ಅದು ಹೆಚ್ಚಿದ್ದರೆ ಕಹಿ ಒರಟು ಎಂದು 1972ರಲ್ಲಿ ರಿಗ್ಬಿ ಎಂಬುವರು ಬರೆದರು. ಮ್ಯಾಗ್ನಮ್‌ನಲ್ಲಿ ಆ ಪಾಲು ಸುಮಾರು ನಾಲ್ಕನೆಯ ಒಂದು, ಕೊಲಂಬಸ್ಸಿನಲ್ಲಿ ಮೂರನೆಯ ಒಂದರ ಹತ್ತಿರ. ನನ್ನ ನಾಲಗೆಗೆ ವಿಜ್ಞಾನದ ಸಾಕ್ಷಿ ಸಿಕ್ಕಿತೆಂದು ಬೀಗಿದೆ.

ಬೀಗಿದ್ದು ಒಂದೇ ದಿನ. ಮರುದಿನ ಮಗಳು ನನ್ನ ಕಣ್ಣಿಗೆ ಸೀರೆಯ ಸೆರಗು ಕಟ್ಟಿ ಐದು ಲೋಟ ಕೊಟ್ಟಳು. ಎರಡನೆಯದನ್ನು ಶುದ್ಧ ಎಂದೆ, ಐದನೆಯದನ್ನು ಒರಟು ಎಂದೆ. ಅವಳು ಜೋರಾಗಿ ನಕ್ಕಳು. ಎರಡೂ ಮ್ಯಾಗ್ನಮ್! ಹಿಂದಿನ ಮೂರು ಕಹಿ ನಾಲಗೆಯಲ್ಲಿ ಶೇಖರವಾಗಿ ಐದನೆಯದರ ಮೇಲೆ ಆರೋಪ ಬಂದಿತ್ತು. ಮೂವತ್ತು ವರ್ಷ ಮಕ್ಕಳ ಉತ್ತರಪತ್ರಿಕೆ ತಿದ್ದಿದವಳಿಗೆ ಇದು ಹೊಳೆಯಬೇಕಿತ್ತು. ನಲವತ್ತನೆಯ ಪತ್ರಿಕೆಯ ಹುಡುಗನಿಗೆ ಮೊದಲಿನ ಮೂವತ್ತೊಂಬತ್ತು ಜನರ ಸಿಟ್ಟು ತಗುಲುವುದುಂಟು.

ಆಮೇಲೆ ಕ್ರಮವಾಗಿ ಕೂತೆವು. ಮೂರು ಲೋಟ, ಎರಡರಲ್ಲಿ ಒಂದೇ ಕಷಾಯ, ಒಂದರಲ್ಲಿ ಬೇರೆ. ಬೇರೆಯದನ್ನು ಗುರುತಿಸಬೇಕು. ನಡುವೆ ಒಂದು ತುತ್ತು ಬರೀ ಅನ್ನ, ಹತ್ತು ನಿಮಿಷ ಬಿಡುವು. ದಿನಕ್ಕೆ ಎರಡು ಸಲಕ್ಕಿಂತ ಹೆಚ್ಚಿಲ್ಲ. ಹೀಗೆ ಒಂದು ವಾರ ಮಾಡಿದಾಗ ತಿಳಿದದ್ದು ಬೇರೆಯೇ. ಮ್ಯಾಗ್ನಮ್ ಮತ್ತು ನಾರ್ದರ್ನ್ ಬ್ರೂವರ್ ನಡುವಿನ ವ್ಯತ್ಯಾಸ ಮೂಗು ಬಿಟ್ಟರೆ ಗೊತ್ತಾಗುತ್ತದೆ, ಮೂಗು ಹಿಡಿದರೆ ಗೊತ್ತಾಗುವುದಿಲ್ಲ. ಚಿನೂಕನ್ನು ಮೂಗು ಹಿಡಿದು ಕೆಲವು ಸಲ ಗುರುತಿಸಿದೆ, ಕೆಲವು ಸಲ ತಪ್ಪಿದೆ. ನಾನು ಒರಟು ಕಹಿ ಎಂದು ಬೈದದ್ದರಲ್ಲಿ ಬಹುಪಾಲು ಕಹಿಯೇ ಅಲ್ಲ, ವಾಸನೆ. ಕೊಹ್ಯೂಮುಲೋನಿನ ಮಾತನ್ನೂ ಆಮೇಲಿನ ಪರೀಕ್ಷೆಗಳು ಪೂರ್ತಿ ಒಪ್ಪಿಲ್ಲವೆಂದು ಅಳಿಯಂದಿರೇ ಓದಿ ಹೇಳಿದರು. ಹಾಗಲಕಾಯಿಗೆ ಬೇವಿನಕಾಯಿ ಸಾಕ್ಷಿ ಎನ್ನುವುದು ಇದಕ್ಕೇ. ನನ್ನ ನಾಲಗೆಯನ್ನು ಪುಸ್ತಕ ಹೊಗಳಿತು, ಪುಸ್ತಕವನ್ನು ನನ್ನ ನಾಲಗೆ ಹೊಗಳಿತು. ಇಬ್ಬರನ್ನೂ ಯಾರೂ ಅಡ್ಡಪ್ರಶ್ನೆ ಕೇಳಿರಲಿಲ್ಲ.

ಹಾಗಾದರೆ ಮಗಳ ಏಲಿನಲ್ಲಿ ಗಂಟಲಿಗೆ ಕೂತ ಕಹಿ ಯಾವುದು? ಅವಳ ಹಳೆಯ ಪ್ಯಾಕೆಟ್ ತರಿಸಿ ಮೂಸಿದೆ. ಬಾಯಿ ತೆರೆದು ಅಡುಗೆಮನೆಯ ಕಪಾಟಿನಲ್ಲಿ ತಿಂಗಳುಗಟ್ಟಲೆ ಇಟ್ಟದ್ದು. ಹಳಸಿದ ಬೆಣ್ಣೆಯ ವಾಸನೆ! ಹಾಪಿಗೆ ಗಾಳಿ, ಬಿಸಿ ಎರಡೂ ಆಗದು, ಗಾಳಿಯಿಲ್ಲದಂತೆ ಕಟ್ಟಿ ಫ್ರೀಜರಿನಲ್ಲಿ ಇಡಬೇಕು. ಎರಡನೆಯದು, ಅದು ಆಲ್ಫಾ ಬರೀ 4 ಇರುವ ಪರಿಮಳದ ಹಾಪ್. ಕಹಿ ಸಾಲದೆಂದು ಇಪ್ಪತ್ತು ಲೀಟರಿಗೆ 60 ಗ್ರಾಂ ಸುರಿದಿದ್ದಳು. ಅಷ್ಟು ಸೊಪ್ಪು ಕುದಿದರೆ ಒಗರು ಬಿಡದೆ ಇರುತ್ತದೆಯೇ? ಅದೇ ಕಹಿಗೆ ಮ್ಯಾಗ್ನಮ್ 18 ಗ್ರಾಂ ಸಾಕು. ಮೂರನೆಯದು ನೀರು. ಅವಳ ಊರಿನದು ಮೆದು ನೀರು, ಬೇಳೆ ಬೇಗ ಬೇಯುತ್ತದೆ. ಆದರೆ ಯಾವುದೋ ಬರಹ ಓದಿ ಅದಕ್ಕೆ ಲವಣ ಬೆರೆಸಿದ್ದಳು. ಕಹಿ ಚುರುಕಾಗಲು ಸ್ವಲ್ಪ ಜಿಪ್ಸಂ ಹಾಕುವುದುಂಟು, ಇವಳು ಸೋಡಾದಂಥದ್ದನ್ನೂ ಹಾಕಿದ್ದಳು. ಕ್ಷಾರ ಹೆಚ್ಚಾದ ನೀರು ಹಾಪಿನಿಂದಲೂ ಕಾಳಿನ ಹೊಟ್ಟಿನಿಂದಲೂ ಒರಟನ್ನೆಲ್ಲ ಎಳೆದು ತರುತ್ತದೆ. ನಮ್ಮ ಕೋಲಾರದ ಬೋರ್‌ವೆಲ್ ನೀರಿನಲ್ಲಿ ಕಾಫಿ ಮಾಡಿ ಕುಡಿದವರಿಗೆ ಇದನ್ನು ವಿವರಿಸಬೇಕಿಲ್ಲ.

ಕೊನೆಗೆ ನನ್ನ ತೀರ್ಪು ಮ್ಯಾಗ್ನಮ್ ಕಡೆಗೇ ಉಳಿಯಿತು, ಆದರೆ ಕಾರಣ ಬದಲಾಯಿತು. ಅದರ ಕಹಿ ಮಿಕ್ಕವುಗಳಿಗಿಂತ ಸಜ್ಜನ ಎಂದಲ್ಲ. ಅದು ತನ್ನ ಜೊತೆ ಬೇರೇನನ್ನೂ ಹೆಚ್ಚಾಗಿ ತರುವುದಿಲ್ಲ. ಆಲ್ಫಾ ಜಾಸ್ತಿ, ಆದ್ದರಿಂದ ಸೊಪ್ಪು ಕಡಿಮೆ. ವಾಸನೆ ಮಂದ, ಆದ್ದರಿಂದ ಕೊನೆಯಲ್ಲಿ ಹಾಕುವ ಪರಿಮಳಕ್ಕೆ ಅಡ್ಡ ಬರುವುದಿಲ್ಲ. ಅದು ಸಿಗದಿದ್ದರೆ ಆಲ್ಫಾ ಹೆಚ್ಚಿರುವ, ವಾಸನೆ ಸಾಧುವಾಗಿರುವ ಯಾವುದಾದರೂ ಹೊಸ ಫಸಲಿನ ಹಾಪ್ ಆದೀತು. ಹಳಸಿದ ಮ್ಯಾಗ್ನಮ್‌ಗಿಂತ ತಾಜಾ ಚಿನೂಕ್ ಮೇಲು. ಹೆಸರು ನೋಡುವ ಮೊದಲು ತಾರೀಖು ನೋಡಬೇಕು, ಆಮೇಲೆ ತಕ್ಕಡಿ, ಆಮೇಲೆ ನೀರು. ಮೆಂತ್ಯ ಕೊಳ್ಳುವಾಗ ನಾವು ಮಾಡುವುದೂ ಇದನ್ನೇ ಅಲ್ಲವೆ?

ಶನಿವಾರ ಆ ಲೆಕ್ಕದಲ್ಲಿ ಪಾತ್ರೆ ಏರಿತು. ಸಿಹಿ ರಸ ಕುದಿಯುವಾಗ ಹಾಲಿನ ಹಾಗೆ ಉಕ್ಕಿ ಬರುತ್ತದೆ. ಕಾವಲು ನಿಂತವಳು ನಾನೇ. ಈಸ್ಟ್ ಹಾಕುವ ಹೊತ್ತಿಗೆ ಕೈತೊಳೆದು ಒಳಗೆ ಬಂದೆ.

ನಾಲ್ಕು ವಾರದ ಮೇಲೆ ಒಂದು ರಾತ್ರಿ ಊಟದ ಜೊತೆ ಅವರಿಬ್ಬರೂ ಅದನ್ನು ಗ್ಲಾಸಿಗೆ ಬಗ್ಗಿಸಿಕೊಂಡರು. ಮಗಳು ಒಂದು ಗುಟುಕು ಕುಡಿದು, ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೋಯ್ತು ಕಣಮ್ಮ, ಗಂಟಲಲ್ಲಿ ಏನೂ ಇಲ್ಲ" ಎಂದಳು. ನಾನು ಮೂಸಿ ನೋಡಿದೆ, ಬ್ರೆಡ್ಡಿನ ವಾಸನೆ ಬಂತು. ಮೊಮ್ಮಗುವನ್ನು ಎತ್ತಿಕೊಂಡು ನನ್ನ ಕೋಣೆಗೆ ಹೋದೆ.

ಮಲಗಿದರೂ ನಿದ್ದೆ ಬರಲಿಲ್ಲ. ಐವತ್ತು ವರ್ಷದ ಹಿಂದಿನ ಅಭ್ಯಾಸ. ಮನೆಯಲ್ಲಿ ಯಾರೋ ಕುಡಿದಿದ್ದಾರೆಂದರೆ ಕಿವಿ ತಾನಾಗಿಯೇ ನೆಟ್ಟಗಾಗುತ್ತದೆ. ಯಾರ ದನಿ ಏರುತ್ತದೆ, ಯಾವ ಪಾತ್ರೆ ಬೀಳುತ್ತದೆ ಎಂದು ಕಾಯುತ್ತ ಬಿದ್ದಿದ್ದೆ. ಅಳಿಯಂದಿರು ಸಿಂಕಿನಲ್ಲಿ ಪಾತ್ರೆ ತೊಳೆಯುವ ಸದ್ದು ಕೇಳಿತು. ಮಗಳು ಏನೋ ಕೇಳಿದಳು, ಅವರು ಏನೋ ಹೇಳಿದರು, ಇಬ್ಬರೂ ನಕ್ಕರು. ದೀಪ ಆರಿತು. ಅಷ್ಟೇ. ಇದರಿಂದ ಸಾರಾಯಿಯ ಮೇಲಿನ ನನ್ನ ಸಿಟ್ಟು ಕಡಿಮೆಯಾಯಿತೆಂದು ತಿಳಿಯಬೇಡಿ, ಒಂದು ಗುಲಗಂಜಿಯಷ್ಟೂ ಆಗಿಲ್ಲ. ಆದರೆ ಆ ರಾತ್ರಿ ಐದನೆಯ ಲೋಟದ ನೆನಪಾಯಿತು. ನನ್ನ ಅಪ್ಪನ ಕಹಿಯನ್ನು ಮಗಳ ಲೋಟದ ಮೇಲೆ ಹೊರಿಸಿ ನಾನು ಮೂರು ದಿನ ಮಾತು ಬಿಟ್ಟಿದ್ದೆ.

ಕೋಲಾರಕ್ಕೆ ಹೊರಡುವ ಮುನ್ನ ಅವಳು ಒಂದು ಚೀಟಿ ಬರೆದುಕೊಡು ಎಂದಳು, ಅಡುಗೆಮನೆಯ ಗೋಡೆಗೆ ಹುಳಿಪುಡಿಯ ಅಳತೆಯ ಪಕ್ಕದಲ್ಲಿ ಅಂಟಿಸಲು. ಬರೆದುಕೊಟ್ಟೆ: ಮ್ಯಾಗ್ನಮ್, ಈ ವರ್ಷದ ಫಸಲು. ಇಪ್ಪತ್ತು ಲೀಟರಿಗೆ 18 ಗ್ರಾಂ, ಪ್ಯಾಕೆಟ್ಟಿನ ಮೇಲೆ ಆಲ್ಫಾ ನೋಡಿ ಹೆಚ್ಚು ಕಡಿಮೆ ಮಾಡಿಕೋ. ನೀರಿಗೆ ಸೋಡಾ ಬೇಡ. ಒಂದು ಗಂಟೆ ಕುದಿ. ಉಕ್ಕದ ಹಾಗೆ ಹತ್ತಿರವೇ ಇರು.